ಕಾಶಿಯ ತೆರಿಗೆಗೆ ಹೊಯ್ಸಳರ ನಿಷ್ಕ

ದಶಾಶ್ವಮೇಧ ಘಾಟಿನ ನೂಕುನುಗ್ಗಲನ್ನು ದಾಟಿ ಗಂಗೆಯ ದಡದಲ್ಲೇ ದಕ್ಷಿಣಕ್ಕೆ, ಕೇದಾರ ಘಾಟಿನತ್ತ ನಡೆದಂತೆ ಕಿವಿಗೆ ಬೀಳುವ ನುಡಿಗಳು ಬದಲಾಗುತ್ತವೆ: ತಮಿಳು, ತೆಲುಗು, ನಡುನಡುವೆ ನಮ್ಮ ಕನ್ನಡ. ಜಂಗಮವಾಡಿ ಮಠವೂ ಇಲ್ಲಿಂದ ದೂರವಲ್ಲ. ರೈಲಿನಲ್ಲಿ ಬಂದಿಳಿಯುವ ನಮಗೆ ಅಂದಿನವರ ಕಾಶೀವಾಸ ಎಷ್ಟು ದುಬಾರಿಯಾಗಿತ್ತೆಂಬುದು ತಟ್ಟನೆ ಹೊಳೆಯದು. ಅದರ ಲೆಕ್ಕ ಶಾಸನವೊಂದರಲ್ಲಿ ಉಳಿದಿದೆ.

1279ರಲ್ಲಿ ಹೊಯ್ಸಳ ಮೂರನೆಯ ನರಸಿಂಹನು ಹೆಬ್ಬಾಲೆ ಗ್ರಾಮದ ಉತ್ಪತ್ತಿಯನ್ನು, ಅಂದರೆ ವರ್ಷಕ್ಕೆ 645 ನಿಷ್ಕಗಳನ್ನು, ಕಾಶಿಗಾಗಿ ದತ್ತಿ ಬಿಟ್ಟನು. ವಿಶ್ವೇಶ್ವರನ ಪೂಜೆಗೆ ಒಂದು ಪಾಲು. ಇನ್ನೊಂದು, ಕಾಶಿಯ ನಿವಾಸಿಗಳು ತುರುಷ್ಕರಿಗೆ ತೆರಬೇಕಾಗಿದ್ದ ತೆರಿಗೆಗೆ. ದಿಲ್ಲಿಯಲ್ಲಿ ಆಗ ಬಲ್ಬನನ ಆಳ್ವಿಕೆ.

ಸರಕಾರಿ ಕಡತಗಳ ನಡುವೆ ದಿನ ದೂಡುವ ನಮ್ಮಂಥವರಿಗೆ ಈ ಏರ್ಪಾಡು ವಿಶೇಷ ಬೆರಗು ತರುತ್ತದೆ. ತನ್ನ ಆಜ್ಞೆ ನಡೆಯದ ನೆಲದಲ್ಲಿ, ಪರರಾಜನ ಬೊಕ್ಕಸಕ್ಕೆ, ತನ್ನೂರಿನ ರೈತರ ದುಡಿಮೆಯಿಂದ ಹಣ ಸಲ್ಲಿಸುವುದು! ಇದನ್ನು ಬರಿಯ ಭಕ್ತಿಯೆಂದು ಓದಿದರೆ ಸಾಲದು. ಅದರಲ್ಲಿ ದೈನ್ಯವೂ ಇದೆ, ವ್ಯವಹಾರಜ್ಞಾನವೂ ಇದೆ. ಅದಕ್ಕಿಂತ ಮಿಗಿಲಾಗಿ, ದತ್ತಿಯ ಫಲ ಕನ್ನಡಿಗರಿಗಷ್ಟೇ ಮೀಸಲಾಗಲಿಲ್ಲ. ತೆಲುಗರು, ತುಳುವರು, ದೂರದ ಗೌಡ, ತಿರಹುತಗಳವರೂ ಅದರೊಳಗೆ ಸೇರಿದ್ದರು. ಹೊರನಾಡಿನಲ್ಲಿ ನೆರೆಹೊರೆಯ ಭಾಷಿಕರೊಡನೆ ಬಾಳುವ ನಾವು ಈ ಪಟ್ಟಿಯನ್ನು ಎರಡು ಬಾರಿ ಓದಬೇಕು.

1311ರಲ್ಲಿ ಮಲ್ಲಿಕಾಫರನ ಸೈನ್ಯ ದ್ವಾರಸಮುದ್ರದ ಬಾಗಿಲಿಗೇ ಬಂದಿತು. ನರಸಿಂಹನ ಮಗ ಮೂರನೆಯ ಬಲ್ಲಾಳನು ಈ ಬಾರಿ ತನಗಾಗಿಯೇ ಕಪ್ಪ ತೆತ್ತನು.