ಕಿರು ಗಗನನೌಕೆ: ಆಟಕ್ಕೆಷ್ಟು ಅಂಕ, ನೋಟಕ್ಕೆಷ್ಟು ಅಂಕ?

ಕರ್ನಾಟಕದಲ್ಲಿ ಗೊಂಬೆ ಎಂಬ ಒಂದೇ ಮಾತಿನ ಹಿಂದೆ ಎರಡು ಪರಂಪರೆಗಳಿವೆ. ಚನ್ನಪಟ್ಟಣದ ಗೊಂಬೆ ಮಗುವಿನ ಕೈ ಸೇರುತ್ತದೆ. ಕೊಪ್ಪಳ ಜಿಲ್ಲೆಯ ಕಿನ್ನಾಳದ ಗೊಂಬೆ ಹಾಗೂ ಬೆಳಗಾವಿ ಜಿಲ್ಲೆಯ ಗೋಕಾಕದ ಮರದ ಹಣ್ಣು-ಕಾಯಿಗಳು ಮನೆಯ ಕಪಾಟು ಸೇರುತ್ತವೆ. ಮೊದಲನೆಯದು ಆಟಕ್ಕೆ, ಎರಡನೆಯದು ನೋಟಕ್ಕೆ. ಪ್ಲಾಸ್ಟಿಕ್ ಇಟ್ಟಿಗೆಗಳನ್ನು ಜೋಡಿಸಿ ಕಟ್ಟುವ ಕಿರು ಗಗನನೌಕೆಯ ಸೆಟ್ ಈ ಎರಡೂ ಕೆಲಸಗಳನ್ನು ತಾನೊಂದೇ ಮಾಡುವ ಭರವಸೆಯೊಂದಿಗೆ ಮಾರುಕಟ್ಟೆಗೆ ಬರುತ್ತದೆ. ಆದ್ದರಿಂದ ಅದರ ಗುಣವನ್ನು ಒಂದೇ ಅಂಕದಲ್ಲಿ ಹೇಳಲಾಗದು. ಎರಡು ಅಂಕಗಳು ಬೇಕು.

ಸವದತ್ತಿ ತಾಲ್ಲೂಕಿನ ಉಗರಗೋಳದ ಬಳಿ ಯಲ್ಲಮ್ಮನ ಗುಡ್ಡದಲ್ಲಿ ಬನದ ಹುಣ್ಣಿಮೆ, ಭಾರತ ಹುಣ್ಣಿಮೆಗಳಿಗೆ ಜಾತ್ರೆ ನೆರೆಯುತ್ತದೆ. ಜಾತ್ರೆಯ ಆಟಿಕೆಯನ್ನು ಕೈಯಲ್ಲಿ ಹಿಡಿದು, ಹೊರಳಿಸಿ ನೋಡಿ ಕೊಳ್ಳಬಹುದು. ಇಟ್ಟಿಗೆ ಸೆಟ್ಟಿನ ವಿಷಯ ಹಾಗಲ್ಲ. ಡಬ್ಬಿಯ ಮೇಲೆ ಚಿತ್ರ, ಒಳಗೆ ಬಿಡಿ ಚೂರುಗಳು. ಗುಣ ತಿಳಿಯುವುದು ಹಣ ಕೊಟ್ಟು, ಜೋಡಿಸಿದ ಮೇಲೆ. ವರ್ಷಕ್ಕೊಂದೆರಡು ಆಟಿಕೆ ಮಾತ್ರ ಕೊಡಿಸಬಲ್ಲ ಕುಟುಂಬಕ್ಕೆ ಇದು ಸಣ್ಣ ಸಂಗತಿಯಲ್ಲ.

ಬಡಗಿಯ ಮನೆಯಿಂದ ಬಂದ ಇಟ್ಟಿಗೆ

ಈ ಆಟಿಕೆಯ ಮೂಲವೂ ಮರಗೆಲಸವೇ. ಡೆನ್ಮಾರ್ಕಿನ ಬಿಲ್ಲುಂಡ್ ಎಂಬ ಊರಿನ ಬಡಗಿ ಓಲೆ ಕಿರ್ಕ್ ಕ್ರಿಸ್ಟಿಯಾನ್ಸನ್ 1932ರಲ್ಲಿ ಮರದ ಆಟಿಕೆಗಳ ತಯಾರಿಕೆ ಆರಂಭಿಸಿದರು. ಅದೇ ಮುಂದೆ ಲೆಗೊ ಕಂಪನಿಯಾಯಿತು. ಇಂದಿನ ರೂಪದ ಇಟ್ಟಿಗೆಗೆ ಪೇಟೆಂಟ್ ಅರ್ಜಿ ಸಲ್ಲಿಕೆಯಾದದ್ದು 1958ರಲ್ಲಿ. 1960ರ ಬೆಂಕಿ ಅನಾಹುತದ ಬಳಿಕ ಕಂಪನಿಯು ಮರದ ಆಟಿಕೆಗಳನ್ನು ಕೈಬಿಟ್ಟಿತು. ಇಟ್ಟಿಗೆಯ ಮೇಲಿನ ಗುಬುಟುಗಳ ನಡುವಣ ಅಂತರ 8 ಮಿಲಿಮೀಟರ್, ಇಟ್ಟಿಗೆಯ ಎತ್ತರ 9.6 ಮಿಲಿಮೀಟರ್, ತೆಳು ಹಲಗೆಯ ಎತ್ತರ 3.2 ಮಿಲಿಮೀಟರ್. ಅಂದರೆ ಮೂರು ಹಲಗೆ ಸೇರಿದರೆ ಒಂದು ಇಟ್ಟಿಗೆ. ಕೈಕಾಲು ಆಡಿಸುವ ಪುಟ್ಟ ಮನುಷ್ಯ ಗೊಂಬೆ ಮತ್ತು ಗಗನನೌಕೆಗಳ ಸರಣಿ ಎರಡೂ 1978ರಲ್ಲಿ ಬಂದವು.

ಮೂಲ ಪೇಟೆಂಟ್‌ನ ಅವಧಿ ಮುಗಿದಿರುವುದರಿಂದ ಇಂಥ ಇಟ್ಟಿಗೆಗಳನ್ನು ಇಂದು ಬೇರೆ ಕಂಪನಿಗಳೂ ತಯಾರಿಸುತ್ತವೆ. ಹೆಸರಿಗಿಂತ ಹಿಡಿತ ಮುಖ್ಯ: ಚೂರುಗಳು ಬಿಗಿಯಾಗಿ ಕೂರಬೇಕು, ಆದರೂ ಮಗುವಿನ ಬೆರಳಿಗೆ ಬಿಡಿಸಲು ಬರಬೇಕು.

ಆಟದ ಅಳತೆ: 10 ಅಂಕ

ಚನ್ನಪಟ್ಟಣದಲ್ಲಿ ಆಲೆಮರದ ತುಂಡು ಲೇತ್‌ನಲ್ಲಿ ತಿರುಗುತ್ತಿರುವಾಗಲೇ ಬಣ್ಣದ ಅರಗನ್ನು ಒತ್ತುತ್ತಾರೆ. ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹಿಡಿಯುತ್ತದೆ. ಬಳಿಕ ಕೇದಗೆ ಎಲೆಯಿಂದ ಹೊಳಪು ಕೊಡುತ್ತಾರೆ. ಚೂಪು ಮೂಲೆಯಿಲ್ಲ, ಕಳಚಿ ಬೀಳುವ ಅಲಂಕಾರವಿಲ್ಲ. ಆಟಿಕೆಯೆಂದರೆ ಮೊದಲು ಕೈಗೆ ಒಗ್ಗಬೇಕೆಂಬ ಈ ವಿವೇಕವೇ ಇಲ್ಲಿನ ಅಳತೆಗೋಲು.

ಹಿಡಿತಕ್ಕೆ 3 ಅಂಕ: ಮಗು ಒಂದೇ ಕೈಯಲ್ಲಿ ನೌಕೆಯನ್ನು ಹಿಡಿದು ಹಾರಿಸಬಹುದೇ? ಗಟ್ಟಿತನಕ್ಕೆ 3 ಅಂಕ: ತಲೆಕೆಳಗು ಮಾಡಿ ಅಲುಗಿಸಿದಾಗ, ಚಾಪೆಯ ಮೇಲೆ ಗೇಣುದ್ದದಿಂದ ಬಿಟ್ಟಾಗ ರೆಕ್ಕೆ ಉಳಿಯುತ್ತದೆಯೇ? ಪಾತ್ರಕ್ಕೆ 2 ಅಂಕ: ಕಥೆ ಕಟ್ಟಲು ಚಾಲಕನಿದ್ದಾನೆಯೇ, ಅವನು ಕೂರಲು ಜಾಗವಿದೆಯೇ? ಮರುಜೋಡಣೆಗೆ 2 ಅಂಕ: ಅವೇ ಚೂರುಗಳಿಂದ ಮತ್ತೊಂದು ರೂಪ ಕಟ್ಟಬಹುದೇ?

ನೋಟದ ಅಳತೆ: 10 ಅಂಕ

ಕಿನ್ನಾಳದ ಚಿತ್ರಗಾರರು ಹಗುರ ಕಟ್ಟಿಗೆಯ ಭಾಗಗಳನ್ನು ಕೂಡಿಸಿ, ಹುಣಸೆಬೀಜದ ಅಂಟಿನ ಲೇಪದಿಂದ ಸಂದು ಮುಚ್ಚಿ, ಅನಂತರ ಬಣ್ಣ ಬರೆಯುತ್ತಾರೆ. ಗೊಂಬೆಯ ಜೋಡಣೆ ಕಣ್ಣಿಗೆ ಬೀಳಬಾರದು, ರೂಪ ಮಾತ್ರ ಎದ್ದು ಕಾಣಬೇಕು.

ಆಕಾರಕ್ಕೆ 4 ಅಂಕ: ಕೋಣೆಯ ಆಚೆ ಬದಿಯಿಂದಲೂ ನೌಕೆಯ ಗುರುತು ಹತ್ತಬೇಕು. ಹಿಂಬದಿ ಮತ್ತು ತಳದ ಅಚ್ಚುಕಟ್ಟಿಗೆ 2. ಗುರುತುಗಳು ಚೂರಿನ ಮೇಲೆಯೇ ಮುದ್ರಿತವಾಗಿದ್ದರೆ 2. ಅಂಟುಚೀಟಿಯಾದರೆ ವರ್ಷ ಕಳೆದಂತೆ ಅಂಚು ಏಳುವ ಸಂಭವವಿರುವುದರಿಂದ 1. ಆಧಾರವಿಲ್ಲದೆ ನೆಟ್ಟಗೆ ನಿಲ್ಲುವುದಕ್ಕೆ 2.

ಮೂರು ಉದಾಹರಣೆ

2023ರ ‘ಸ್ಪೇಸ್ ಶಟಲ್’ (31134) ಸೆಟ್ಟಿನಲ್ಲಿ 144 ಚೂರುಗಳಿವೆ. ಅವುಗಳಿಂದ ಶಟಲ್, ಗಗನಯಾತ್ರಿ, ಮತ್ತೊಂದು ನೌಕೆ ಎಂದು ಮೂರು ರೂಪ ಕಟ್ಟಬಹುದು. ಪ್ರತ್ಯೇಕ ಚಾಲಕ ಗೊಂಬೆಯಿಲ್ಲ. ಆಟಕ್ಕೆ 7, ನೋಟಕ್ಕೆ 7.

2021ರ ‘ಮಿಲೇನಿಯಂ ಫಾಲ್ಕನ್ ಮೈಕ್ರೊಫೈಟರ್’ (75295) 101 ಚೂರುಗಳ ಸೆಟ್. ಸಿನಿಮಾದ ನೌಕೆಯನ್ನು ಬೇಕೆಂದೇ ಕುಳ್ಳಾಗಿಸಿ, ಚಾಲಕನನ್ನು ಅದರಲ್ಲಿ ಕೂರಿಸಲಾಗಿದೆ. ಕೈಗೆ ಚೆನ್ನಾಗಿ ಒಗ್ಗುತ್ತದೆ. ಮೂಲ ಆಕಾರದ ಗಾಂಭೀರ್ಯ ಉಳಿಯದು. ಆಟಕ್ಕೆ 8, ನೋಟಕ್ಕೆ 5.

2024ರ ‘ಸ್ಪೇಸ್‌ಶಿಪ್ ಆ್ಯಂಡ್ ಆಸ್ಟ್ರಾಯ್ಡ್ ಡಿಸ್ಕವರಿ’ (60429) ನಾಲ್ಕು ವರ್ಷ ಮೇಲ್ಪಟ್ಟವರಿಗಾಗಿ ಮಾಡಿದ 126 ಚೂರುಗಳ ಸೆಟ್. ಆಟಕ್ಕೆ 8, ನೋಟಕ್ಕೆ 4.

ಚೂರುಗಳ ಎಣಿಕೆಯೇ ಗುಣವಲ್ಲ. ಲೆಗೊದ ಹಳೆಯ ‘ಗ್ಯಾಲಕ್ಸಿ ಎಕ್ಸ್‌ಪ್ಲೋರರ್’ ನೌಕೆಯಲ್ಲಿ 338 ಚೂರುಗಳಿದ್ದವು. ಅದೇ ನೌಕೆ 2022ರಲ್ಲಿ ಸುಮಾರು ಒಂದೂವರೆ ಪಟ್ಟು ದೊಡ್ಡದಾಗಿ, 1,254 ಚೂರುಗಳೊಂದಿಗೆ ಮತ್ತೆ ಬಂತು. ಆದರೆ ಡಬ್ಬಿಯ ಮೇಲಿನ ವಯಸ್ಸು 18 ಮತ್ತು ಮೇಲ್ಪಟ್ಟು. ಚೂರುಗಳು ಹೆಚ್ಚಿದಂತೆ ನೌಕೆ ಮಗುವಿನಿಂದ ಕಪಾಟಿನತ್ತ ಸರಿಯಿತು.

ಅಂಕಕ್ಕಿಂತ ಮೊದಲು ಸುರಕ್ಷತೆ

ಮೂರು ವರ್ಷದೊಳಗಿನ ಮಕ್ಕಳಿಗೆ ಇಂಥ ಯಾವ ಸೆಟ್ಟೂ ಸಲ್ಲದು. ಸಣ್ಣ ಚೂರು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವಿದೆ. ಭಾರತದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಗುರುತು ಕಡ್ಡಾಯವಾಯಿತು. ಭೌಗೋಳಿಕ ಸೂಚಿಕೆ ಪಡೆದ ಚನ್ನಪಟ್ಟಣ, ಕಿನ್ನಾಳದಂಥ ಕಡೆಗಳ ನೋಂದಾಯಿತ ಕುಶಲಕರ್ಮಿಗಳ ಗೊಂಬೆಗಳಿಗೆ ವಿನಾಯಿತಿ ದೊರೆತಿದೆ. ಕಾರ್ಖಾನೆಯ ಪ್ಲಾಸ್ಟಿಕ್ ಸೆಟ್ಟಿಗೆ ಅದಿಲ್ಲ. ಗುರುತಿಲ್ಲದ ಡಬ್ಬಿ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು.

ಕೊಳ್ಳುವವರಿಗೆ

ಎಂಟು ವರ್ಷದೊಳಗಿನ ಮಗುವಿಗೆ ಆಟದ ಅಂಕ 7ಕ್ಕಿಂತ ಕಡಿಮೆಯಿರುವ ನೌಕೆ ಬೇಡ. ದೊಡ್ಡ ಮಕ್ಕಳಿಗೆ ಹಾಗೂ ಸಂಗ್ರಾಹಕರಿಗೆ ನೋಟದ ಅಂಕವೇ ಮುಖ್ಯವಾಗಬಹುದು. ಒಂದೇ ಸೆಟ್ಟಿಗೆ ಹಣವಿದ್ದು ಮನ ತೂಗಾಡಿದರೆ ಆಟದ ಕಡೆಗೇ ವಾಲುವುದು ಲೇಸು. ಆಡಿ ದಣಿದ ನೌಕೆಯನ್ನು ಕಪಾಟಿನಲ್ಲಿ ಇಡಬಹುದು. ಮುಟ್ಟಿದರೆ ಉದುರುವ ನೌಕೆಯನ್ನು ಮಗುವಿನ ಕೈಗೆ ಕೊಡಲಾಗದು.