ಗುಡಿಯಿಂದ ಅಂಗೈಗೆ: ರೋಣ, ನರಗುಂದ, ಗಜೇಂದ್ರಗಡ ಸೀಮೆಯ ತತ್ತ್ವಚಿಂತನೆ

ಕರ್ಮ, ಪುನರ್ಜನ್ಮ, ಋಣ, ಮೋಕ್ಷ ಎಂಬ ನಂಬಿಕೆಗಳು ಹಿಂದೂ ಚಿಂತನೆಗೆಲ್ಲ ಸಮಾನವೆಂದು ಹೇಳುವುದುಂಟಾದರೂ, ಜೀವಕ್ಕೂ ಈಶ್ವರನಿಗೂ ಇರುವ ಸಂಬಂಧವೇನೆಂಬ ಪ್ರಶ್ನೆಗೆ ಗದಗ ಜಿಲ್ಲೆಯ ಈ ಎರೆಸೀಮೆ ಕಾಲಕಾಲಕ್ಕೆ ಬೇರೆಬೇರೆ ಉತ್ತರಗಳನ್ನು ಕೊಟ್ಟಿದೆ. ಆ ಬದಲಾವಣೆಗೆ ಗ್ರಂಥಗಳಿಗಿಂತ ಹೆಚ್ಚಾಗಿ ಗುಡಿ ಮತ್ತು ಮಠಗಳ ಚರಿತ್ರೆಯೇ ಸಾಕ್ಷಿ.

ಕರ್ಮಸಿದ್ಧಾಂತವನ್ನು ಇಲ್ಲಿ ನೆಲೆಗೊಳಿಸಿದವರಲ್ಲಿ ಜೈನರೂ ಸೇರಿದ್ದಾರೆ. ಗಂಗರ ಇಮ್ಮಡಿ ಬೂತುಗನ ರಾಣಿ ಪದ್ಮಬ್ಬರಸಿ 950ರ ಸುಮಾರಿಗೆ ನರೇಗಲ್ಲಿನಲ್ಲಿ ಬಸದಿಯನ್ನು ಕಟ್ಟಿಸಿದ್ದಳು. ಮುಂದಿನ ಶತಮಾನದಲ್ಲಿ ಕಲ್ಯಾಣ ಚಾಳುಕ್ಯರ ಅಕ್ಕಾದೇವಿ ಆಳಿದ ಕಿಸುಕಾಡು ಎಪ್ಪತ್ತು ಎಂಬ ಆಡಳಿತ ವಿಭಾಗದ ಮುಖ್ಯ ಊರಾದ ಸೂಡಿಯಲ್ಲಿ ಕಾಳಾಮುಖ ಶೈವರು ಪ್ರಬಲರಾದರು. ಲಾಕುಳ ಪಾಶುಪತ ಪರಂಪರೆಗೆ ಸೇರಿದ ಈ ಯತಿಗಳು ನ್ಯಾಯ, ವೈಶೇಷಿಕ ದರ್ಶನಗಳಲ್ಲಿ ಪಳಗಿದ ತಾರ್ಕಿಕರಾಗಿದ್ದರು. ಪಾಶುಪತದ ಪ್ರಕಾರ ತಿಳಿಯಬೇಕಾದ ತತ್ತ್ವಗಳು ಐದು: ಕಾರ್ಯವೆಂದರೆ ಜೀವಸಹಿತವಾದ ಜಗತ್ತು, ಕಾರಣವೆಂದರೆ ಈಶ್ವರ, ಉಳಿದವು ಯೋಗ, ವಿಧಿ ಮತ್ತು ದುಃಖಾಂತ. ಮೋಕ್ಷವನ್ನು ದುಃಖದ ಕೊನೆಯೆಂದೇ ಹೆಸರಿಸಿದ ಈ ದರ್ಶನದಲ್ಲಿ ಜೀವನು ಈಶ್ವರನೇ ಆಗುವುದಿಲ್ಲ. ಗುಡಿಯೇ ಅದರ ಕೇಂದ್ರವಾಗಿತ್ತು. ಸೂಡಿಯ ಜೋಡುಕಳಸದ ಗುಡಿಯ ವೈಭವವನ್ನೂ, 1192ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಗದಗಿನ ತ್ರಿಕೂಟೇಶ್ವರಕ್ಕಾಗಿ ಸಿದ್ಧಾಂತಿ ಚಂದ್ರಭೂಷಣ ಪಂಡಿತನಿಗೆ ಕೊಟ್ಟ ದತ್ತಿಯನ್ನೂ ಈ ಹಿನ್ನೆಲೆಯಲ್ಲಿ ನೋಡಬೇಕು.

ಹನ್ನೆರಡನೆಯ ಶತಮಾನದ ಶರಣರು ಲಿಂಗವನ್ನು ಅಂಗೈಗೆ ತಂದಾಗ ಅರ್ಚಕನ ಮಧ್ಯಸ್ಥಿಕೆಯಷ್ಟೇ ಅಲ್ಲ, ದರ್ಶನದ ನೆಲೆಯೂ ಪಲ್ಲಟವಾಯಿತು. ಭಕ್ತ, ಮಹೇಶ, ಪ್ರಸಾದಿ, ಪ್ರಾಣಲಿಂಗಿ, ಶರಣ, ಐಕ್ಯ ಎಂಬ ಆರು ಸ್ಥಲಗಳನ್ನೇರುವ ಸಾಧಕನು ಕೊನೆಗೆ ಲಿಂಗದೊಡನೆ ಸಮರಸವಾಗುತ್ತಾನೆ. ದುಡಿಮೆಯು ಬಂಧನವೆನಿಸದೆ ಕಾಯಕವೆನಿಸುತ್ತದೆ. ಶಿರೋಳದ ತೋಂಟದಾರ್ಯ ಮಠ, ಹಾಲಕೆರೆಯ ಅನ್ನದಾನೇಶ್ವರ ಮಠಗಳಂತಹ ಕೇಂದ್ರಗಳ ಮೂಲಕ ಈ ವಿಚಾರ ಒಕ್ಕಲು ಮನೆಗಳನ್ನು ಮುಟ್ಟಿತು. ಆದರೂ ಗಜೇಂದ್ರಗಡದ ಬೆಟ್ಟದ ಕಾಲಕಾಲೇಶ್ವರನಿಗೆ ನಡೆದುಕೊಳ್ಳುವವರು ಕಡಿಮೆಯಾಗಲಿಲ್ಲವೆಂಬುದು ಸಿದ್ಧಾಂತವನ್ನಷ್ಟೇ ಓದಿದವರಿಗೆ ವಿಚಿತ್ರವೆನಿಸಬಹುದು.

ಧರ್ಮಶಾಸ್ತ್ರದ ನಂಬಿಕೆಯೊಂದು ರಾಜಕೀಯದೊಡನೆ ಡಿಕ್ಕಿ ಹೊಡೆದದ್ದು ನರಗುಂದದಲ್ಲಿ. ಮನುಷ್ಯನು ದೇವಋಣ, ಋಷಿಋಣ, ಪಿತೃಋಣಗಳೊಡನೆ ಹುಟ್ಟುತ್ತಾನೆ, ಮೂರನೆಯದು ಸಂತಾನದಿಂದ ತೀರುತ್ತದೆ, ಔರಸಪುತ್ರನಿಲ್ಲದಿದ್ದರೆ ದತ್ತಕನು ಆ ಸ್ಥಾನದಲ್ಲಿ ನಿಲ್ಲುತ್ತಾನೆ ಎಂಬುದು ಶಾಸ್ತ್ರದ ಮತ. ಇಲ್ಲಿನ ದಾಯವಿಚಾರಕ್ಕೆ ಆಧಾರವಾದ ವಿಜ್ಞಾನೇಶ್ವರನ ‘ಮಿತಾಕ್ಷರ’ವು ಸೂಡಿಯನ್ನಾಳಿದ ಅದೇ ಚಾಳುಕ್ಯ ಮನೆತನದ ಆರನೆಯ ವಿಕ್ರಮಾದಿತ್ಯನ (1076–1126) ಆಶ್ರಯದಲ್ಲಿ ರಚಿತವಾದದ್ದು. ಸಂಸ್ಥಾನಿಕ ಭಾಸ್ಕರರಾವ್ ಭಾವೆಗೆ ದತ್ತು ಸ್ವೀಕಾರದ ಅನುಮತಿಯನ್ನು ಬ್ರಿಟಿಷರು ನಿರಾಕರಿಸಿದ್ದು ಅವರಿಗೆ ವಾರಸುದಾರಿಕೆಯ ಲೆಕ್ಕಾಚಾರವಾಗಿತ್ತು. ಆತನಿಗೆ ರಾಜ್ಯದ ಜೊತೆಗೆ ಪರಲೋಕದ ಪ್ರಶ್ನೆಯೂ ಆಗಿದ್ದಿರಬೇಕು. 1858ರ ಮೇ ತಿಂಗಳಲ್ಲಿ ಸುರೇಬಾನದಲ್ಲಿ ಬ್ರಿಟಿಷ್ ಏಜೆಂಟ್ ಮ್ಯಾನ್ಸನ್ನನ ಹತ್ಯೆಗೆ, ಜೂನಿನಲ್ಲಿ ಭಾವೆಯ ಗಲ್ಲಿಗೆ ಕಾರಣವಾದ ಬಂಡಾಯಕ್ಕೆ ಬ್ರಿಟಿಷರು ಹೇರಿದ ನಿಶ್ಶಸ್ತ್ರೀಕರಣದ ಜೊತೆ ಈ ನಿರಾಕರಣೆಯೂ ಹೇತುವಾಯಿತು.

ಆನಂತರದ ಪೀಳಿಗೆಯಲ್ಲಿ ಹುಬ್ಬಳ್ಳಿಯ ಸಿದ್ಧಾರೂಢರು (1836–1929) ಜೀವ-ಬ್ರಹ್ಮಗಳ ಅಭೇದವನ್ನು, ಅಂದರೆ ಅದ್ವೈತವನ್ನು, ನಿಜಗುಣ ಶಿವಯೋಗಿಯ ಕನ್ನಡ ಶಾಸ್ತ್ರಗಳ ಆಧಾರದಿಂದ ಜಾತಿಭೇದವಿಲ್ಲದೆ ಬೋಧಿಸಿದರು. ಸಂಸ್ಕೃತದ ಓದಿಲ್ಲದವರಿಗೂ ವೇದಾಂತ ದಕ್ಕಿದ್ದು ಹೀಗೆ. ರೋಣ ಭಾಗದ ಇಟಗಿಯಲ್ಲಿ ಭೀಮಾಂಬಿಕೆಯ ಧರ್ಮರ ಮಠವು ಶಾಸ್ತ್ರಕ್ಕಿಂತ ದಾಸೋಹ ಮತ್ತು ಭಕ್ತಿಯನ್ನೇ ನೆಚ್ಚಿ ಬೆಳೆಯಿತು. ಇತ್ತ ಶರಣರ ಷಟ್‌ಸ್ಥಲವು ಹಿಂದೂ ದರ್ಶನದ ಒಳಗಿನದೇ, ಪ್ರತ್ಯೇಕ ಧರ್ಮದ ತಳಹದಿಯೇ ಎಂಬ ವಾದ ಮಠಗಳಲ್ಲೇ ಎರಡು ಪಕ್ಷಗಳನ್ನು ಹುಟ್ಟಿಸಿದೆ. 2018ರಲ್ಲಿ ರಾಜ್ಯ ಸರ್ಕಾರ ಲಿಂಗಾಯತಕ್ಕೆ ಪ್ರತ್ಯೇಕ ಧರ್ಮದ ಮಾನ್ಯತೆಗೆ ಶಿಫಾರಸು ಮಾಡಿದರೂ ಕೇಂದ್ರ ಅದನ್ನು ಒಪ್ಪಲಿಲ್ಲ.