ಕಾನನ್ನು ಕಾಯ್ದವರು
ತಪತಿ ನದಿಯಿಂದ ಕನ್ಯಾಕುಮಾರಿಯವರೆಗೆ ಸುಮಾರು 1600 ಕಿ.ಮೀ. ಚಾಚಿದ ಸಹ್ಯಾದ್ರಿಯನ್ನು ಮನುಷ್ಯರ ಕೈ ಸೋಕದ ಕಾಡೆಂದು ಬಣ್ಣಿಸುವುದು ರೂಢಿ. ಮಲೆನಾಡಿನ ಕಾನುಗಳ ಚರಿತ್ರೆ ಓದುತ್ತಿರುವ ನನಗೆ ಈ ಮಾತು ಒಪ್ಪಿತವಲ್ಲ. ಕಾಳುಮೆಣಸಿಗಾಗಿ, ನೀರಿಗಾಗಿ, ದೇವರ ಹೆಸರಿನಲ್ಲಿ ಊರವರೇ ಕಾನುಗಳನ್ನು ಕಾಯ್ದರು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದದ್ದು ಈ ಸೀಮೆಯ ಮೆಣಸಿನಿಂದಲೇ.

19ನೆಯ ಶತಮಾನದಲ್ಲಿ ಬ್ರಿಟಿಷರು ಕುಮರಿ ಬೇಸಾಯ ಕಾಡಿಗೆ ಕೇಡೆಂದು ನಿರ್ಬಂಧಿಸಿದರು. ತಾವು ಮಾತ್ರ ಹಡಗಿಗೆ, ರೈಲಿಗೆ ಮರ ಕಡಿಸಿದರು. 1983ರಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಮರಗಳನ್ನು ಅಪ್ಪಿಕೊಂಡದ್ದು ಇಲಾಖೆಯೇ ಒಪ್ಪಿಗೆಯಿತ್ತ ಕಡಿತಲೆಯನ್ನು ತಡೆಯಲು.

ಸಿಂಗಳೀಕಕ್ಕೆ ಪಶ್ಚಿಮಘಟ್ಟದ ಹೊರಗೆ ನೆಲೆಯಿಲ್ಲ. ಅದನ್ನು ಉಳಿಸಲು ಜನರನ್ನು ಹೊರಗಟ್ಟಬೇಕೆನ್ನುವವರು ಮೊದಲು ಕೇಳಬೇಕಾದದ್ದು: ಇಷ್ಟು ಕಾಡಾದರೂ ಉಳಿದದ್ದು ಯಾರಿಂದ?